2.4 ಅಂತ ಬರೆದಿದ್ದರೆ ಸಾಕಾ?

ಪ್ರಶ್ನೆ: ಸರ್, ನನ್ನ ಹತ್ತಿರ ಫ್ಲೈಸ್ಕೈ ಎಫ್‌ಎಸ್-ಐ6 ರಿಮೋಟ್ ಇದೆ. ಬಿಎನ್‌ಎಫ್ (ರಿಸೀವರ್ ಕೂತೇ ಬರುವ) ಮಾಡೆಲ್ ವಿಮಾನ ತಗೊಂಡರೆ ಅದಕ್ಕೆ ಬೈಂಡ್ ಆಗುತ್ತಾ, ಅಂದರೆ ಜೋಡಿಯಾಗುತ್ತಾ? ಎರಡೂ 2.4 ಗಿಗಾಹರ್ಟ್ಸ್ ತಾನೇ?

2.4 ಅಂದ ಮಾತ್ರಕ್ಕೆ ಆಗಲ್ಲ. ಇದನ್ನೇ ಎಷ್ಟು ಸಲ ಹೇಳಿದರೂ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಡಬ್ಬದ ಮೇಲಿನ ಅಕ್ಷರಗಳನ್ನು ಮೊದಲು ಮುಗಿಸೋಣ. ಕಿಟ್ ಅಂದರೆ ಬಾಲ್ಸಾ ಮರದ ತುಂಡುಗಳು, ನಕ್ಷೆ, ಉಳಿದದ್ದು ನಿಮ್ಮ ತಾಳ್ಮೆ. ಎಆರ್‌ಎಫ್‌ನಲ್ಲಿ (ಆಲ್ಮೋಸ್ಟ್ ರೆಡಿ ಟು ಫ್ಲೈ) ರೆಕ್ಕೆ, ಒಡಲು, ಬಾಲ ಸಿದ್ಧವಿರುತ್ತವೆ. ಮೋಟಾರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ರೆಕ್ಕೆ-ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಸರ್ವೋಗಳನ್ನು ಸಾಮಾನ್ಯವಾಗಿ ನೀವೇ ಕೂರಿಸಬೇಕು. ಪಿಎನ್‌ಪಿಯಲ್ಲಿ (ಪ್ಲಗ್ ಎನ್ ಪ್ಲೇ) ಅವೂ ಕೂತಿರುತ್ತವೆ. ರಿಸೀವರ್, ಬ್ಯಾಟರಿ, ಚಾರ್ಜರ್, ರಿಮೋಟ್ ನಿಮ್ಮ ಖರ್ಚು. ಅದಕ್ಕೆ ರಿಸೀವರ್ ಸೇರಿದರೆ ಬಿಎನ್‌ಎಫ್ (ಬೈಂಡ್ ಎನ್ ಫ್ಲೈ), ರಿಮೋಟೂ ಸೇರಿದರೆ ಆರ್‌ಟಿಎಫ್ (ರೆಡಿ ಟು ಫ್ಲೈ); ಇವೆರಡರಲ್ಲಿ ಬ್ಯಾಟರಿ, ಚಾರ್ಜರ್ ಕೂಡ ಬರುವುದುಂಟು. ಹೆಸರಿನ ಹಿಂದೆ ‘ಬೇಸಿಕ್’ ಅನ್ನೋ ಬಾಲಂಗೋಚಿ ಇದ್ದರೆ ಬ್ಯಾಟರಿ, ಚಾರ್ಜರ್ ಇಲ್ಲ ಅಂತ ತಿಳಿಯಿರಿ.

ಈಗ ಆ 2.4ರ ವಿಷಯ. ನಿಮ್ಮ ಮನೆಯ ವೈಫೈ, ಬ್ಲೂಟೂತ್ ಹೆಡ್‌ಫೋನ್ ಕೂಡ 2.4ರಲ್ಲೇ ಓಡುತ್ತವೆ. ಹಾಗಂತ ರೂಟರ್‌ನಿಂದ ವಿಮಾನ ಹಾರಿಸ್ತೀರಾ? ಒಂದೇ ಸಂತೆಯಲ್ಲಿ ನಿಂತ ಮಾತ್ರಕ್ಕೆ ಎಲ್ಲರೂ ಒಂದೇ ಭಾಷೆ ಆಡುವುದಿಲ್ಲ. ರಿಮೋಟು ರಿಸೀವರ್ ಮಾತಾಡುವ ಆ ಭಾಷೆಗೇ ಪ್ರೋಟೋಕಾಲ್ ಅನ್ನೋದು. ಎಫ್‌ಎಸ್-ಐ6ರ ಭಾಷೆ ಎಎಫ್‌ಎಚ್‌ಡಿಎಸ್ 2ಎ. ಬಿಎನ್‌ಎಫ್ ಅನ್ನೋ ಹೆಸರು ಹೊರೈಜನ್ ಹಾಬಿ ಕಂಪನಿಯದು, ಸ್ಪೆಕ್ಟ್ರಮ್ ರೇಡಿಯೊ ಕೂಡ ಅವರದೇ; ಅವರ ವಿಮಾನ ಕೇಳುವುದು ಡಿಎಸ್‌ಎಂಎಕ್ಸ್. ಡ್ರೋನ್ ಮಾರುವವರು ಅದೇ ಮೂರಕ್ಷರ ಬಳಸಿ ಒಳಗೆ ಇಎಲ್‌ಆರ್‌ಎಸ್ ಅನ್ನೋ ಮೂರನೇ ಭಾಷೆ ಇಟ್ಟಿರುತ್ತಾರೆ. ಆದ್ದರಿಂದ ಬಿಎನ್‌ಎಫ್ ಅಂತ ಕಂಡರೆ ‘ಯಾವ ಪ್ರೋಟೋಕಾಲ್?’ ಅಂತ ಕೇಳದೆ ದುಡ್ಡು ಕೊಡಬೇಡಿ.

‘ರಿಮೋಟ್‌ಗೆ ಬೇರೆ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹಾಕಿದರೆ?’ ಅನ್ನೋದು ಮುಂದಿನ ಪ್ರಶ್ನೆ, ಗೊತ್ತು. ಫರ್ಮ್‌ವೇರ್ ಬದಲಿಸಿ ಐ6ಗೆ 10 ಚಾನೆಲ್ ಬರಿಸಬಹುದು, ನಿಜ. ಆದರೆ ಅದರೊಳಗಿನ ರೇಡಿಯೊ ಚಿಪ್ ಎ7105. ಡಿಎಸ್‌ಎಂಎಕ್ಸ್‌ಗೆ ಬೇಕಾದದ್ದು ಸಿವೈಆರ್‌ಎಫ್6936. ಚಿಪ್ಪೇ ಬೇರೆ ಆದ ಮೇಲೆ ಸಾಫ್ಟ್‌ವೇರ್ ಏನು ಮಾಡೀತು? ನಾಲ್ಕು ಚಿಪ್‌ಗಳ ಮಲ್ಟಿ ಪ್ರೋಟೋಕಾಲ್ ಮಾಡ್ಯೂಲ್ ಇರುವ ರಿಮೋಟ್ ಆದರೆ ಎರಡನ್ನೂ ಮಾತಾಡುತ್ತದೆ.

ಒಂದೇ ಫ್ರೀಕ್ವೆನ್ಸಿ ಇದ್ದರೆ ಸಾಕು ಅನ್ನೋ ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹಳೆಯ 72 ಮೆಗಾಹರ್ಟ್ಸ್ ಎಫ್‌ಎಂ ಕಾಲದಲ್ಲಿ ಫ್ರೀಕ್ವೆನ್ಸಿ ಗೊತ್ತುಮಾಡುವ ಕ್ರಿಸ್ಟಲ್‌ನ ಚಾನೆಲ್ಲೂ ಸಂಕೇತದ ಶಿಫ್ಟೂ (ಪಾಸಿಟಿವ್ ಅಥವಾ ನೆಗೆಟಿವ್) ಹೊಂದಿದರೆ ಒಂದು ಬ್ರ್ಯಾಂಡಿನ ರಿಸೀವರ್ ಇನ್ನೊಂದರ ರಿಮೋಟ್‌ಗೆ ಓಗೊಡುತ್ತಿತ್ತು. ಕಾಲ ಹೋಯಿತು, ಮಾತು ಉಳಿಯಿತು.

ಬಿಎನ್‌ಎಫ್ ಕೊಂಡು ರಿಸೀವರ್ ಮಾತ್ರ ಬದಲಿಸೋಣ ಅಂದರೆ, ಅಂಗೈಯಗಲದ ವಿಮಾನಗಳಲ್ಲಿ ರಿಸೀವರ್, ಇಎಸ್‌ಸಿ ಒಂದೇ ಬೋರ್ಡಿನಲ್ಲಿರುವುದುಂಟು, ಕಿತ್ತರೆ ಮುಗಿಯಿತು. ದೊಡ್ಡದರಲ್ಲಿ ಕೀಳಬಹುದು, ಆದರೆ ಗಾಳಿಗೆ ಹೊಯ್ದಾಡದಂತೆ ಹಿಡಿಯುವ ಸ್ಟೆಬಿಲೈಸರ್ ಸಾಮಾನ್ಯವಾಗಿ ಆ ರಿಸೀವರ್‌ನಲ್ಲೇ ಇರುವುದರಿಂದ ಅದೂ ಜೊತೆಗೇ ಹೋಗುತ್ತದೆ.

ನಿಮಗೆ ಬೇಕಾದದ್ದು ಪಿಎನ್‌ಪಿ, ಜೊತೆಗೊಂದು ನಿಮ್ಮ ರಿಮೋಟ್‌ನ ಭಾಷೆಯನ್ನೇ ಆಡುವ ಫ್ಲೈಸ್ಕೈ ಎಫ್‌ಎಸ್-ಐಎ6ಬಿ ರಿಸೀವರ್. ಪ್ರೊಪೆಲ್ಲರ್ ಬಿಚ್ಚಿಡಿ. ವೈರುಗಳನ್ನು ರಿಸೀವರ್‌ನ ಚಾನೆಲ್‌ಗಳಿಗೆ ಹೀಗೆ ಚುಚ್ಚಿ: ಐಲೆರಾನ್ (ರೆಕ್ಕೆಯ ಪಟ್ಟಿ) 1, ಎಲಿವೇಟರ್ (ಬಾಲದ ಅಡ್ಡ ಪಟ್ಟಿ) 2, ಇಎಸ್‌ಸಿ 3, ರಡ್ಡರ್ (ಬಾಲದ ನಿಂತ ಪಟ್ಟಿ) 4ಕ್ಕೆ. ಬೈಂಡ್ ಪ್ಲಗ್ ಅನ್ನು ಬಿ/ವಿಸಿಸಿ ಪಿನ್‌ಗಳಿಗೆ ಚುಚ್ಚಿ ರಿಸೀವರ್‌ಗೆ ಕರೆಂಟ್ ಕೊಡಿ, ದೀಪ ಬೇಗಬೇಗ ಮಿಟುಕುತ್ತದೆ. ರಿಮೋಟ್‌ನ ಬೈಂಡ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿ. ಬೈಂಡ್ ಆದ ಮೇಲೆ ಪ್ಲಗ್ ಕಿತ್ತು, ರಿಮೋಟ್‌ನ ಆರ್‌ಎಕ್ಸ್ ಸೆಟಪ್‌ನ ಫೇಲ್‌ಸೇಫ್‌ನಲ್ಲಿ (ಸಿಗ್ನಲ್ ತಪ್ಪಿದಾಗ ಏನಾಗಬೇಕು ಅನ್ನೋದು) ಥ್ರಾಟಲ್ ಸೊನ್ನೆಗೆ ಇಡಿ. ಮೋಟಾರ್ ತಿರುಗುವಾಗ ರಿಮೋಟ್ ಆಫ್ ಮಾಡಿ ನೋಡಿ, ನಿಲ್ಲಲೇಬೇಕು.

ಯಾರೂ ಕೇಳದ ಇನ್ನೊಂದು: ಬ್ಯಾಟರಿ ನಿಮ್ಮದು ಅಂದ ಮೇಲೆ ತೂಕದ ಲೆಕ್ಕವೂ ನಿಮ್ಮದೇ. ಕೈಪಿಡಿ 3ಎಸ್ (ಮೂರು ಸೆಲ್) 2200 ಎಂಎಎಚ್ ಬ್ಯಾಟರಿ ಅಂದಿದ್ದರೆ, ‘ಹೆಚ್ಚು ಹೊತ್ತು ಹಾರಲಿ’ ಅಂತ 3300 ತುರುಕಿದಾಗ ಮೂಗು ಭಾರವಾಗಿ ಇಳಿಯುವಾಗ ಎಲಿವೇಟರ್ ಎಳೆದರೂ ಏಳದು. ಸರಿಮಾಡಲು ಹೋಗಿ ಬ್ಯಾಟರಿಯನ್ನು ತೀರಾ ಹಿಂದಕ್ಕೆ ತಳ್ಳಿದರೆ ಬಾಲ ಭಾರ, ಏರುತ್ತಿದ್ದಂತೆ ಮೂಗೆತ್ತಿ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಬೀಳುತ್ತದೆ. ತೂಕ ಸಮವಾಗಬೇಕಾದ ಜಾಗ ಅಂತ ಕೈಪಿಡಿ ರೆಕ್ಕೆಯಲ್ಲಿ ತೋರಿಸಿದ ಗುರುತಿನ ಕೆಳಗೆ ಎರಡು ಬೆರಳಿಟ್ಟು ಎತ್ತಿ. ಸಮವಾಗಿ ನಿಲ್ಲಲಿ, ಇಲ್ಲವೇ ಮೂಗು ತುಸು ಬಾಗಲಿ. ಬ್ಯಾಟರಿ ಕಟ್ಟಿದ ಮೇಲೆ ಎತ್ತಬೇಕು, ಮೊದಲಲ್ಲ.