ಕುಡಿತ ಬಿಡುವವರ ಗುಂಪು ಎಲ್ಲಿದೆ? ಜೊತೆಗೆ, ಆ ಸಾರಿನೊಳಗಿನ ಪುಡಿಯ ಕಥೆ

ಪ್ರಶ್ನೆ: ನಮ್ಮ ಯಜಮಾನರು ಹತ್ತು ವರ್ಷದಿಂದ ಕುಡಿಯುತ್ತಾರೆ. ಬಿಡಬೇಕು ಅಂತ ಅವರಿಗೂ ಇದೆ. ಎಎ ಅಂತ ಒಂದು ಗುಂಪು ಇದೆಯಂತೆ, ನಮ್ಮ ತಾಲ್ಲೂಕಿನ ಹತ್ತಿರ ಎಲ್ಲಿ ಸಿಗುತ್ತೆ? ಫೀಸು ಎಷ್ಟು? ಅಲ್ಲಿಯವರೆಗೆ ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಪುಡಿ ಹಾಕಿ ಕೊಡಬಹುದಾ?

ಉತ್ತರ: ಫೀಸು ಇಲ್ಲ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದಕ್ಕೆ ಸೇರಲು ಬೇಕಾದದ್ದು ಒಂದೇ: ಕುಡಿತ ಬಿಡಬೇಕೆಂಬ ಆಸೆ. ಬಿಟ್ಟಿರಬೇಕು ಅಂತ ಕೂಡ ಇಲ್ಲ. ಆಧಾರ್ ಕಾರ್ಡ್ ಬೇಡ, ಪೂರ್ತಿ ಹೆಸರು ಬೇಡ. ಕೊನೆಗೆ ಒಂದು ಚೀಲವೋ ಡಬ್ಬಿಯೋ ಸುತ್ತಿ ಬರುತ್ತದೆ, ಇದ್ದರೆ ಹತ್ತು ರೂಪಾಯಿ ಹಾಕಿ, ಇಲ್ಲದಿದ್ದರೆ ಮುಂದಕ್ಕೆ ದಾಟಿಸಿ. ಬಾಡಿಗೆ, ಟೀ ಖರ್ಚು ಅದರಲ್ಲೇ. ಕೆಲವು ಕಡೆ ಚರ್ಚಿನ ಹಾಲ್‌ನಲ್ಲಿ ಸೇರುತ್ತಾರೆ, ಅದನ್ನು ನೋಡಿ ಮತಾಂತರ ಅಂತ ಹೆದರಬೇಡಿ. ಜಾಗ ಅಗ್ಗಕ್ಕೆ ಸಿಗುತ್ತದೆ, ಅಷ್ಟೇ.

ಎಲ್ಲಿ ಅಂದರೆ: 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಲ್ಲವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಿ. ಯಾವ ಊರಲ್ಲಿ ಯಾವ ವಾರ ಸಭೆ ಅಂತ ಡಾಕ್ಟರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಎಎ ಹತ್ತಿರದಲ್ಲಿಲ್ಲ ಅಂತಾದರೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಮುಗಿಸಿ ಬಂದವರ ನವಜೀವನ ಸಮಿತಿ ಇದೆಯಾ ವಿಚಾರಿಸಿ.

ಈಗ ಪುಡಿಗೆ ಬರೋಣ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಆದರೂ ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆ ಮೇಲಿನ ಆ ಚೀಟಿ ನನಗಿಂತ ಜಾಸ್ತಿ ಜನರನ್ನು ಮುಟ್ಟುತ್ತದೆ. 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ.'

ಆ ಪೊಟ್ಟಣದಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಇರುತ್ತದೆ. ಒಂದೋ ಯಾವುದೋ ಸೊಪ್ಪಿನ ಪುಡಿ, ಆಗ ನಿಮ್ಮ ದುಡ್ಡು ದಂಡ. ಇನ್ನೊಂದು, ಅರೆದ ಡೈಸಲ್ಫಿರಾಂ ಮಾತ್ರೆ. ಭಯ ಇರುವುದು ಇದರಲ್ಲಿ. ಒಳಗೆ ಹೋದ ಮದ್ಯವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷ ಮಾಡುತ್ತದೆ, ಆಮೇಲೆ ಆ ವಿಷವನ್ನು ಇಳಿಸುತ್ತದೆ. ಡೈಸಲ್ಫಿರಾಂ ಆ ಎರಡನೇ ಕೆಲಸಕ್ಕೆ ಬೀಗ ಹಾಕುತ್ತದೆ. ವಿಷ ಮೈಯಲ್ಲೇ ನಿಲ್ಲುತ್ತದೆ. ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಜೀವಕ್ಕೇ ಕುತ್ತು ಬರಬಹುದು.

1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ವಿಜ್ಞಾನಿಗಳು ಇದು ಜಂತುಹುಳಕ್ಕೆ ಆಗುತ್ತದಾ ಅಂತ ನೋಡಲು ತಾವೇ ನುಂಗಿದರು. ಆಮೇಲೆ ಮದ್ಯ ಕುಡಿದು ಒದ್ದಾಡಿದಾಗಲೇ ಇದರ ಗುಣ ಗೊತ್ತಾಗಿದ್ದು. ಏನು ನುಂಗಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಯಜಮಾನರಿಗೆ ಗೊತ್ತಿರುವುದಿಲ್ಲ. ಅವತ್ತು ರಾತ್ರಿ ಅವರನ್ನು ನೋಡುವ ಡ್ಯೂಟಿ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಡಾಕ್ಟರು ಇದೇ ಮಾತ್ರೆ ಕೊಡುತ್ತಾರಲ್ಲ ಅಂತೀರಿ. ಕೊಡುತ್ತಾರೆ. ಎದುರಿಗೆ ಕೂರಿಸಿ, ಒಪ್ಪಿಸಿ, ಲಿವರ್ ಪರೀಕ್ಷೆ ಮಾಡಿಸಿ, ಕೊನೆಯ ಗುಟುಕಿನಿಂದ ಕಡಿಮೆ ಅಂದರೆ 12 ಗಂಟೆ ಆದ ಮೇಲೆ. ಅರಿಷ್ಟ, ಆಸವ, ಕೆಲವು ಕೆಮ್ಮಿನ ಸಿರಪ್‌ನಲ್ಲೂ ಮದ್ಯದ ಅಂಶ ಇದೆ, ಅದೂ ಬೇಡ ಅಂತ ಹೇಳಿ ಕಳಿಸುತ್ತಾರೆ. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು, ಅದನ್ನೂ ಹೇಳುತ್ತಾರೆ. ಸಾರಿನ ಪಾತ್ರೆ ಇದ್ಯಾವುದನ್ನೂ ಹೇಳುವುದಿಲ್ಲ. ಅದೇ ಸಾರನ್ನು ಮಕ್ಕಳೂ ಉಣ್ಣುತ್ತಾರೆ!

'ಪಕ್ಕದ ಮನೆಯವರಿಗೆ ಕೆಲಸ ಮಾಡಿತು.' ಮಾಡಿರಬಹುದು, ಹತ್ತು ದಿನ. ಒಂದು ದಿನ ಪೊಟ್ಟಣ ಕೈಗೆ ಸಿಗುತ್ತದೆ. ಅವತ್ತಿನಿಂದ ಆ ಮನುಷ್ಯ ಮನೆಯಲ್ಲಿ ಉಣ್ಣುವುದಿಲ್ಲ. ಊಟವೂ ಹೊರಗೆ, ಕುಡಿತವೂ ಹೊರಗೆ. ನಿಮ್ಮವರಿಗೆ ಬಿಡುವ ಮನಸ್ಸಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದಮೇಲೆ ಕದ್ದು ಯಾಕೆ ಹಾಕಬೇಕು ಹೇಳಿ?

ಕೇಳದೇ ಬಿಟ್ಟ ಒಂದು ವಿಷಯ. ಬೆಳಗ್ಗೆ ಅವರ ಕೈ ನಡುಗುತ್ತದಾ? ಒಂದು ಕ್ವಾರ್ಟರ್ ಬಿದ್ದ ಮೇಲೆ ಸರಿಹೋಗುತ್ತದಾ? ಹೌದು ಅಂದರೆ ಮೊದಲು ಆಸ್ಪತ್ರೆ, ಆಮೇಲೆ ಗುಂಪು. ಅಂಥವರು ದಿಢೀರ್ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸಬಹುದು. ಇದು ಹಟ, ಛಲದಿಂದ ಗೆಲ್ಲುವ ವಿಷಯ ಅಲ್ಲ.

ಇನ್ನು ನೀವು. ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಮನೆಯವರಿಗೆ ಅಂತಲೇ ಅಲ್‌ಅನಾನ್ ಎಂಬ ಬೇರೆ ಗುಂಪು ಇದೆ. ಯಜಮಾನರು ಬರದಿದ್ದರೂ, ಬಿಡದಿದ್ದರೂ ನೀವೊಬ್ಬರೇ ಹೋಗಬಹುದು. ಬೈಕಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಇವತ್ತು ಎಷ್ಟು ಕುಡಿದಿದ್ದಾರೆ ಅಂತ ನಿಮಗೆ ಗೊತ್ತಾಗುತ್ತದೆ ಅಲ್ವಾ? ಅಲ್ಲಿ ಕೂತಿರುವ ಹೆಂಗಸರಿಗೆಲ್ಲ ಗೊತ್ತಾಗುತ್ತದೆ. 14416ಕ್ಕೆ ಫೋನ್ ಮಾಡಿದಾಗ ಅದರ ವಿಳಾಸವನ್ನೂ ಕೇಳಿಕೊಳ್ಳಿ.