ಹೊಸ ರೈಲು ಬಂದರೆ ಯಾರು ಹತ್ತುತ್ತಾರೆ? ಪ್ರಯಾಣ ಬೇಡಿಕೆ ಮಾದರಿಗಳ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

1972ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಬಾರ್ಟ್ ಅನ್ನುವ ಹೊಸ ರೈಲು ಓಡಾಟ ಶುರು ಮಾಡಿತು. ಕೆಲಸಕ್ಕೆ ಹೋಗಿಬರುವವರಲ್ಲಿ ಶೇ 15ರಷ್ಟು ಜನ ಈ ರೈಲು ಹತ್ತುತ್ತಾರೆ ಅಂತ ಅಧಿಕೃತ ಅಂದಾಜು ಇತ್ತು. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ಅವರ ತಂಡ ಹೇಳಿದ್ದು ಶೇ 6.3. ಕೊನೆಗೆ ನಿಜವಾಗಿ ಹತ್ತಿದವರು ಶೇ 6.2.

ಸಾರಿಗೆ ಯೋಜನೆ ಓದುವವರಿಗೆಲ್ಲ ಈ ಕಥೆ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತದೆ. 2000ದಲ್ಲಿ ಮ್ಯಾಕ್‌ಫ್ಯಾಡನ್ ಅವರಿಗೆ ಜೇಮ್ಸ್ ಹೆಕ್‌ಮನ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ಇದನ್ನು ಲಾಜಿಟ್ ಸೂತ್ರದ, ಅಂದರೆ ಯಾವ ವಾಹನವನ್ನು ಎಷ್ಟು ಜನ ಆರಿಸುತ್ತಾರೆ ಅಂತ ಲೆಕ್ಕ ಹಾಕುವ ಸೂತ್ರದ, ಗೆಲುವು ಅಂತಲೇ ಹೇಳಿಕೊಡುತ್ತಾರೆ. ಸೂತ್ರ ದೊಡ್ಡದೇ, ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರು ಅಧ್ಯಯನ ನಡೆಸಿದ ರೀತಿ. ರೈಲು ಬರುವ ಮೊದಲೇ, 1972ರಲ್ಲಿ, ಜನ ಹೇಗೆ ಓಡಾಡುತ್ತಾರೆ ಅಂತ ಕೇಳಿ ಬರೆದುಕೊಂಡರು. ಕಾರು ಮತ್ತು ಬಸ್ಸಿನ ಆ ಮಾಹಿತಿಯಿಂದಲೇ ಮಾದರಿ ಕಟ್ಟಿ, ರೈಲು ಬಂದಾಗ ಇದೇ ಜನ ಏನು ಮಾಡುತ್ತಾರೆ ಅಂತ ಲೆಕ್ಕ ಹಾಕಿದರು. 1975ರಲ್ಲಿ ಆ ಲೆಕ್ಕವನ್ನು ಅವರ ನಿಜವಾದ ಓಡಾಟದ ಪಕ್ಕ ಇಟ್ಟು ನೋಡಿದರು. ಮಾದರಿ ಹಿಂದೆಂದೂ ನೋಡಿರದ ಮಾಹಿತಿಯ ಮುಂದೆ ಅದನ್ನು ನಿಲ್ಲಿಸಿದರು. ಈ ಟಿಪ್ಪಣಿ ಉದ್ದಕ್ಕೂ ನಾನು ಹಿಡಿದುಕೊಂಡಿರುವುದು ಇದೇ ವಿಚಾರ.

ನಾಲ್ಕು ಹಂತಗಳು, ಬೇಗ ಬೇಗ

1950ರ ದಶಕದಲ್ಲಿ ಡೆಟ್ರಾಯಿಟ್ ಮತ್ತು ಶಿಕಾಗೊ ನಗರಗಳ ಅಧ್ಯಯನಗಳಲ್ಲಿ ರೂಪ ಪಡೆದ ನಾಲ್ಕು ಹಂತದ ಮಾದರಿ ಇವತ್ತಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಊರನ್ನು ವಲಯಗಳಾಗಿ ಹಂಚುತ್ತೇವೆ. ಮೊದಲ ಹಂತ ಟ್ರಿಪ್ ಜನರೇಶನ್: ಪ್ರತಿ ವಲಯದಿಂದ ಎಷ್ಟು ಟ್ರಿಪ್ ಹೊರಡುತ್ತವೆ, ಎಷ್ಟು ಬರುತ್ತವೆ. ಎರಡನೆಯದು ಡಿಸ್ಟ್ರಿಬ್ಯೂಶನ್: ಎಲ್ಲಿಂದ ಹೊರಟದ್ದು ಎಲ್ಲಿಗೆ ಹೋಗುತ್ತದೆ. ಇಲ್ಲಿ ಗ್ರಾವಿಟಿ ಮಾದರಿ ಬಳಸುತ್ತೇವೆ. ದೊಡ್ಡ ವಲಯ ಜಾಸ್ತಿ ಸೆಳೆಯುತ್ತದೆ, ದೂರದ್ದು ಕಡಿಮೆ. ಮೂರನೆಯದು ಮೋಡ್ ಚಾಯ್ಸ್: ಬಸ್ಸೋ, ಬೈಕೋ, ರೈಲೋ. ನಾಲ್ಕನೆಯದು ಅಸೈನ್‌ಮೆಂಟ್: ಯಾವ ರಸ್ತೆ ಹಿಡಿಯುತ್ತಾರೆ.

ನಾಲ್ಕನೆಯ ಹಂತಕ್ಕೆ ಎರಡು ವಿಷಯ ನೆನಪಿಟ್ಟರೆ ಸಾಕು. ಒಂದು, 1952ರಲ್ಲಿ ಇಂಗ್ಲೆಂಡಿನ ಸಾರಿಗೆ ತಜ್ಞ ವಾರ್ಡ್ರಾಪ್ ಹೇಳಿದ ತತ್ವ: ಜನ ಬಳಸುತ್ತಿರುವ ಎಲ್ಲ ದಾರಿಗಳಲ್ಲೂ ಕೊನೆಗೆ ಒಂದೇ ಸಮಯ ಹಿಡಿಯುತ್ತದೆ, ಬಳಸದ ದಾರಿ ಅದಕ್ಕಿಂತ ಬೇಗ ಮುಟ್ಟಿಸುವುದಿಲ್ಲ. ಎರಡು, 1964ರ ಬಿಪಿಆರ್ (ಅಮೆರಿಕದ ಬ್ಯೂರೊ ಆಫ್ ಪಬ್ಲಿಕ್ ರೋಡ್ಸ್) ಸೂತ್ರ. ರಸ್ತೆಯ ಸಾಮರ್ಥ್ಯದಷ್ಟೇ ವಾಹನ ಇದ್ದರೆ ಪ್ರಯಾಣದ ಸಮಯ ಖಾಲಿ ರಸ್ತೆಗಿಂತ ಶೇ 15 ಜಾಸ್ತಿಯಾಗುತ್ತದೆ ಅನ್ನುತ್ತದೆ ಈ ಸೂತ್ರ. ವಾಹನ ಸಾಮರ್ಥ್ಯದ ಒಂದೂವರೆ ಪಟ್ಟಾದರೆ ಹೆಚ್ಚಳ ಶೇ 76. ವಾಹನ ಮತ್ತು ಸಾಮರ್ಥ್ಯದ ಅನುಪಾತಕ್ಕೆ ನಾಲ್ಕನೇ ಘಾತ ಇರುವುದರಿಂದ ಹೀಗೆ ಏಕಾಏಕಿ ಏರುತ್ತದೆ. ಆದರೆ ನಿಂತೇ ಬಿಟ್ಟ ಟ್ರಾಫಿಕ್, ಹಿಂದಿನ ಸಿಗ್ನಲ್‌ವರೆಗೆ ಬೆಳೆದ ಸಾಲು, ಇವು ಈ ಸೂತ್ರಕ್ಕೆ ಕಾಣುವುದಿಲ್ಲ.

ಈ ಇಡೀ ಚೌಕಟ್ಟಿನ ಮೇಲೆ ನನ್ನ ದೊಡ್ಡ ತಕರಾರು ಒಂದಿದೆ. ಅದು ಎಣಿಸುವುದು ಟ್ರಿಪ್‌ಗಳನ್ನು, ಮನುಷ್ಯರನ್ನಲ್ಲ. ಒಬ್ಬ ತಾಯಿ ಮಗುವನ್ನು ಸ್ಕೂಲಿಗೆ ಬಿಟ್ಟು, ಆಫೀಸಿಗೆ ಹೋಗಿ, ಬರುವಾಗ ತರಕಾರಿ ತಗೊಂಡು ಮನೆ ಸೇರುತ್ತಾರೆ. ಅವರಿಗೆ ಇದು ಒಂದೇ ಓಡಾಟ. ಮಾದರಿಗೆ ಇವು ನಾಲ್ಕು ಬಿಡಿ ಟ್ರಿಪ್. ಆಫೀಸಿಗೆ ಮೆಟ್ರೊ ಅನುಕೂಲ ಇದ್ದರೂ ಆಕೆ ಸ್ಕೂಟರ್ ಬಿಡದಿರುವುದಕ್ಕೆ ಸ್ಕೂಲ್ ಕಾರಣ ಇರಬಹುದು, ಅಲ್ವಾ? ಟ್ರಿಪ್ ಕತ್ತರಿಸಿದ ಕೂಡಲೇ ಆ ಕಾರಣವೂ ಹೋಯಿತು. ದಿನದ ಚಟುವಟಿಕೆಗಳನ್ನು ಒಟ್ಟಿಗೆ ನೋಡುವ ಆಕ್ಟಿವಿಟಿ ಆಧಾರಿತ ಮಾದರಿಗಳು ಹುಟ್ಟಿದ್ದು ಈ ಕೊರತೆಯಿಂದಲೇ.

ಸಮೀಕ್ಷೆಯಲ್ಲಿ ಬಿಟ್ಟುಹೋಗುವವರು

ಮಾಹಿತಿ ಸಿಗುವುದು ಮುಖ್ಯವಾಗಿ ಮನೆ ಮನೆ ಸಮೀಕ್ಷೆಯಿಂದ. ಮನೆಯ ಪ್ರತಿಯೊಬ್ಬರೂ ನಿನ್ನೆ ಎಲ್ಲಿಗೆ, ಯಾವಾಗ, ಹೇಗೆ ಹೋದರು ಅಂತ ಕೇಳುತ್ತೇವೆ. ಎಲ್ಲರ ಪರವಾಗಿ ಒಬ್ಬರೇ ಉತ್ತರ ಹೇಳಿದರೆ ಬೇರೆಯವರ ಚಿಕ್ಕ ಚಿಕ್ಕ ಟ್ರಿಪ್‌ಗಳು ಮಾಯವಾಗುತ್ತವೆ. ಅಂಗಡಿಗೆ ನಡೆದು ಹೋದದ್ದು, ಅಜ್ಜಿ ದೇವಸ್ಥಾನಕ್ಕೆ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೀಗೆ ನಡೆಯುವವರು ಕಾಗದದ ಮೇಲೆ ಕಡಿಮೆಯಾಗುತ್ತಾರೆ, ಆಮೇಲೆ ಫುಟ್‌ಪಾತಿಗೆ ಹಣ ಕಡಿಮೆಯಾಗುತ್ತದೆ. ಆದ್ದರಿಂದ ಸಾಧ್ಯವಾದಷ್ಟೂ ಆಯಾ ವ್ಯಕ್ತಿಯನ್ನೇ ಕೇಳಬೇಕು.

ಹೇಳಿದ್ದನ್ನು ಪರೀಕ್ಷಿಸಲು ಸ್ಕ್ರೀನ್‌ಲೈನ್ ಎಣಿಕೆ ಇದೆ. ಊರಿನ ಮಧ್ಯೆ ಹಾದುಹೋಗುವ ನದಿಯನ್ನೋ ರೈಲು ಹಳಿಯನ್ನೋ ಗಡಿ ಅಂತ ಇಟ್ಟುಕೊಳ್ಳುವುದು. ಅದನ್ನು ದಾಟಲು ಇರುವುದು ಕೆಲವೇ ಸೇತುವೆ, ಕೆಲವೇ ಗೇಟು. ಅಲ್ಲೆಲ್ಲ ನಿಂತು ವಾಹನ ಎಣಿಸಿ, ಸಮೀಕ್ಷೆ ಹೇಳುವ ಸಂಖ್ಯೆ ಜೊತೆ ಹೋಲಿಸುವುದು. ಭಾರತದಲ್ಲಿ ಓದುವವರಿಗೆ ಇನ್ನೊಂದು ಆಧಾರ 2011ರ ಜನಗಣತಿ. ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ ಅಂತ ಅದರಲ್ಲಿ ಕೇಳಿದ್ದರು. ಆದರೆ ಅದು ಕೆಲಸದ ಪ್ರಯಾಣ ಮಾತ್ರ. ಸ್ಕೂಲ್, ಆಸ್ಪತ್ರೆ, ಸಂತೆ ಅದರಲ್ಲಿಲ್ಲ.

ಲಾಜಿಟ್: ಒಂದು ಲೆಕ್ಕ ಪೂರ್ತಿ ಮಾಡೋಣ

ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿದರೆ ಅದು ತಲೆಯಲ್ಲಿ ಉಳಿಯುತ್ತದೆ. ಕೆಳಗಿನ ಅಂಕಿಗಳು ಅಭ್ಯಾಸಕ್ಕೆ ಮಾಡಿಕೊಂಡವು.

ಬೆಂಗಳೂರಿನ ಒಬ್ಬರು ಕೆಲಸಕ್ಕೆ ಬೈಕಲ್ಲಿ ಅಥವಾ ಬಸ್ಸಲ್ಲಿ ಹೋಗಬಹುದು ಅಂದುಕೊಳ್ಳಿ. ವಾಹನದಲ್ಲಿ ಕಳೆಯುವ ಪ್ರತಿ ನಿಮಿಷಕ್ಕೆ 0.04 ಅಂಕ ಕಳೆಯೋಣ. ಕಾಯುವ ಅಥವಾ ನಡೆಯುವ ಪ್ರತಿ ನಿಮಿಷಕ್ಕೆ 0.08. ಖರ್ಚಿನ ಪ್ರತಿ ರೂಪಾಯಿಗೆ 0.02. ಎಲ್ಲ ಕಳೆದ ಮೇಲೆ ಉಳಿಯುವ ಅಂಕವೇ ಆ ವಾಹನದ ಉಪಯುಕ್ತತೆ.

ಬೈಕು: 40 ನಿಮಿಷ, 50 ರೂಪಾಯಿ. ಅಂಕ −2.6.
ಬಸ್ಸು: 50 ನಿಮಿಷ ಓಟ, 10 ನಿಮಿಷ ಕಾಯುವುದು, 25 ರೂಪಾಯಿ. ಅಂಕ −3.3.

ಈಗ ಕ್ಯಾಲ್ಕುಲೇಟರ್‌ನಲ್ಲಿ ‘ಇ’ಯ (ಸುಮಾರು 2.718 ಅನ್ನುವ ಸ್ಥಿರ ಸಂಖ್ಯೆಯ) ಘಾತ ಕೊಡುವ ಬಟನ್ ಒತ್ತಿ ಎರಡೂ ಅಂಕ ಹಾಕಿ. ಬೈಕಿಗೆ 0.0743, ಬಸ್ಸಿಗೆ 0.0369 ಬರುತ್ತದೆ. ಒಟ್ಟು 0.1112. ಪ್ರತಿಯೊಂದನ್ನೂ ಒಟ್ಟಿನಿಂದ ಭಾಗಿಸಿ. ಬೈಕು ಶೇ 67, ಬಸ್ಸು ಶೇ 33. ಇಷ್ಟೇ ಲಾಜಿಟ್.

ಇನ್ನು ಮೆಟ್ರೊ ಬರಲಿ: 25 ನಿಮಿಷ ಓಟ, ನಡೆಯಲು ಮತ್ತು ಕಾಯಲು 15 ನಿಮಿಷ, 40 ರೂಪಾಯಿ. ಅಂಕ −3.0, ಘಾತ 0.0498. ಹೊಸ ಒಟ್ಟು 0.1610. ಬೈಕು ಶೇ 46, ಬಸ್ಸು ಶೇ 23, ಮೆಟ್ರೊ ಶೇ 31.

ಈ ಚಿಕ್ಕ ಲೆಕ್ಕದಲ್ಲಿ ನೋಡಬೇಕಾದ ಮೂರು ವಿಷಯಗಳಿವೆ. ಮೊದಲನೆಯದು ಸಮಯದ ಬೆಲೆ. 0.04ನ್ನು 0.02ರಿಂದ ಭಾಗಿಸಿದರೆ ನಿಮಿಷಕ್ಕೆ 2 ರೂಪಾಯಿ, ಅಂದರೆ ಗಂಟೆಗೆ 120 ರೂಪಾಯಿ. ಮಾದರಿ ಕಟ್ಟಿದ ಕೂಡಲೇ ಈ ಭಾಗಾಕಾರ ಮಾಡಿ ನೋಡಿ. ಅಲ್ಲಿಯ ಜನರ ಸಂಬಳಕ್ಕೆ ಹೊಂದದ ಬೆಲೆ ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ.

ಎರಡನೆಯದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ರೈಲಿನ ಓಟದಲ್ಲಿ 5 ನಿಮಿಷ ಉಳಿಸಿದರೆ ಮೆಟ್ರೊ ಪಾಲು ಶೇ 31ರಿಂದ ಶೇ 35ಕ್ಕೆ ಏರುತ್ತದೆ. ಅದೇ 5 ನಿಮಿಷವನ್ನು ನಡೆಯುವ, ಕಾಯುವ ಸಮಯದಲ್ಲಿ ಉಳಿಸಿದರೆ ಶೇ 40. ಕಾಯುವ ನಿಮಿಷ ಜನರಿಗೆ ಕೂತು ಹೋಗುವ ನಿಮಿಷಕ್ಕಿಂತ ಭಾರ ಅಂತ ಊರೂರುಗಳ ಅಧ್ಯಯನಗಳು ತೋರಿಸಿವೆ, ಅದಕ್ಕೇ ಇಲ್ಲಿ ದುಪ್ಪಟ್ಟು ಇಟ್ಟದ್ದು. ನಿಲ್ದಾಣಕ್ಕೆ ಒಂದು ಒಳ್ಳೆ ಕಾಲುದಾರಿ, ಬಾಗಿಲಲ್ಲೇ ಒಂದು ಫೀಡರ್ ಬಸ್ಸು ಕೊಡುವ ಲಾಭ ಹೀಗೆ ಲೆಕ್ಕದಲ್ಲಿ ಕಾಣಿಸುತ್ತದೆ.

ಮೂರನೆಯದು ಈ ಸೂತ್ರದ ರೋಗ. ಮೆಟ್ರೊ ಬಂದ ಮೇಲೆ ಬೈಕಿನ ಪಾಲು ಶೇ 67ರಿಂದ ಶೇ 46ಕ್ಕೆ ಇಳಿಯಿತು, ಬಸ್ಸಿನದು ಶೇ 33ರಿಂದ ಶೇ 23ಕ್ಕೆ. ಭಾಗಿಸಿ ನೋಡಿ. ಎರಡೂ ತಮ್ಮ ಪಾಲಿನಲ್ಲಿ ಸುಮಾರು ಶೇ 31ನ್ನೇ ಕಳೆದುಕೊಂಡಿವೆ. ಲಾಜಿಟ್‌ನಲ್ಲಿ ಯಾವಾಗಲೂ ಹೀಗೇ ಆಗುತ್ತದೆ. ನಿಜ ಜೀವನದಲ್ಲಿ ಮೆಟ್ರೊ ಬಸ್ಸಿನವರನ್ನೇ ಜಾಸ್ತಿ ಸೆಳೆಯುವ ಸಾಧ್ಯತೆ ಹೆಚ್ಚು. ಅವರು ಈಗಾಗಲೇ ನಡೆದು, ಕಾದು, ಟಿಕೆಟ್ ಕೊಟ್ಟು ಹೋಗುವವರು. ಪಠ್ಯದಲ್ಲಿ ಬರುವ ಕೆಂಪು ಬಸ್ಸು, ನೀಲಿ ಬಸ್ಸಿನ ಉದಾಹರಣೆ ಹೇಳುವುದೂ ಇದನ್ನೇ. ಕಾರಿಗೆ ಅರ್ಧ, ನೀಲಿ ಬಸ್ಸಿಗೆ ಅರ್ಧ ಜನ ಇದ್ದಾಗ ಅಂಥದ್ದೇ ಒಂದು ಕೆಂಪು ಬಸ್ಸು ಬಂದರೆ, ಮೂರಕ್ಕೂ ಮೂರರಲ್ಲೊಂದು ಪಾಲು ಅನ್ನುತ್ತದೆ ಲಾಜಿಟ್. ಬಸ್ಸಿಗೆ ಬಣ್ಣ ಬಳಿದದ್ದಕ್ಕೆ ಯಾರೂ ಕಾರು ಬಿಡುವುದಿಲ್ಲ. ಒಂದೇ ಜಾತಿಯ ಆಯ್ಕೆಗಳನ್ನು ಒಂದು ಗೂಡಿನಲ್ಲಿ ಇಡುವ ನೆಸ್ಟೆಡ್ ಲಾಜಿಟ್ ಇದಕ್ಕೆ ಮದ್ದು. ಮೆಟ್ರೊದಿಂದ ರಸ್ತೆಯ ವಾಹನ ಕಡಿಮೆಯಾಗುತ್ತದೆ ಅಂತ ಯಾವುದಾದರೂ ವರದಿ ಹೇಳಿದರೆ, ಬಸ್ಸಿಗೂ ಮೆಟ್ರೊಗೂ ಒಂದೇ ಗೂಡು ಮಾಡಿದ್ದಾರಾ ಅಂತ ಮೊದಲು ನೋಡಿ. ಇಡೀ ಲಾಭದ ಲೆಕ್ಕ ಅದರ ಮೇಲೆ ನಿಂತಿರುತ್ತದೆ.

ಮಾಡಿದ್ದನ್ನು ನೋಡುವುದು, ಮಾಡುತ್ತೀರಾ ಅಂತ ಕೇಳುವುದು

ಬಾರ್ಟ್ ಅಧ್ಯಯನ ನಿಂತದ್ದು ಜನ ಆಗಲೇ ಮಾಡುತ್ತಿದ್ದ ಆಯ್ಕೆಗಳ ಮೇಲೆ. ಇನ್ನೊಂದು ದಾರಿ, ಇಲ್ಲದ ವಾಹನವನ್ನು ವಿವರಿಸಿ ‘ಇಷ್ಟು ಸಮಯ, ಇಷ್ಟು ದರ ಇದ್ದರೆ ಹತ್ತುತ್ತೀರಾ’ ಅಂತ ಕೇಳುವುದು. ಇದಕ್ಕೆ ಕಲಿಯುವವರಿಗೆ ಸಿಗುವ ಒಳ್ಳೆಯ ಮಾಹಿತಿ ಸ್ವಿಸ್‌ಮೆಟ್ರೊ. ಸ್ವಿಟ್ಜರ್ಲೆಂಡ್‌ನಲ್ಲಿ ನೆಲದಡಿಯ ಸುರಂಗದಲ್ಲಿ ಅಯಸ್ಕಾಂತದ ಬಲದಿಂದ ಓಡುವ ರೈಲಿನ ಯೋಚನೆ ಇತ್ತು. 1998ರಲ್ಲಿ 1,192 ಪ್ರಯಾಣಿಕರಿಗೆ ತಲಾ 9 ಸನ್ನಿವೇಶ ಕೊಟ್ಟು ರೈಲು, ಕಾರು, ಸ್ವಿಸ್‌ಮೆಟ್ರೊ ಇವುಗಳಲ್ಲಿ ಯಾವುದು ಅಂತ ಕೇಳಿದರು. ಒಟ್ಟು 10,728 ಸಾಲು ಮಾಹಿತಿ. ಬಯೋಜೀಮ್ ಅನ್ನುವ ಉಚಿತ ಸಾಫ್ಟ್‌ವೇರ್ ಜೊತೆ ಇದನ್ನು ಬಳಸಿ ಅಭ್ಯಾಸ ಮಾಡಬಹುದು.

ಎಚ್ಚರ ಬೇಕಾದದ್ದು ಎರಡು ಕಡೆ. ಆ ರೈಲು ಕಟ್ಟಲೇ ಇಲ್ಲ. ಹತ್ತುತ್ತೇನೆ ಅಂದವರು ನಿಜಕ್ಕೂ ಹತ್ತುತ್ತಿದ್ದರಾ ಅಂತ ಪರೀಕ್ಷಿಸಲು ದಾರಿಯೇ ಇಲ್ಲ. ಹೇಳುವುದಕ್ಕೆ ಕಾಸು ಖರ್ಚಾಗುವುದಿಲ್ಲ, ಹಾಗಾಗಿ ಹೊಸದಕ್ಕೆ ‘ಹೂಂ’ ಅನ್ನುವವರು ಜಾಸ್ತಿ. ಎರಡನೆಯದು, ಒಬ್ಬರದೇ 9 ಸಾಲುಗಳಿವೆ. ಸ್ವಲ್ಪ ಮಾಹಿತಿಯನ್ನು ಪರೀಕ್ಷೆಗೆ ಎತ್ತಿಡುವಾಗ ಸಾಲುಗಳನ್ನು ಕಲೆಸಿ ಹಂಚಿದರೆ, ಒಬ್ಬರದೇ 6 ಉತ್ತರ ಮಾದರಿಗೆ ಗೊತ್ತಿದ್ದು 3 ಮಾತ್ರ ಪರೀಕ್ಷೆಗೆ ಬರಬಹುದು. ಫಲಿತಾಂಶ ಚೆನ್ನಾಗೇ ಬರುತ್ತದೆ, ಆದರೆ ಅದು ಪರೀಕ್ಷೆಯಲ್ಲ. ಹಂಚುವುದಾದರೆ ವ್ಯಕ್ತಿಯ ಗುರುತಿನ ಸಂಖ್ಯೆ ಹಿಡಿದು ಹಂಚಬೇಕು.

ಸೂತ್ರ ಸರಿ ಇದ್ದರೂ ಅಂದಾಜು ಕೈಕೊಡುವುದು ಇನ್ನೊಂದು ಕಾರಣಕ್ಕೆ. ಡೆನ್ಮಾರ್ಕಿನ ಬೆಂಟ್ ಫ್ಲಿವ್‌ಬ್ಯಾರ್ಗ್ ಮತ್ತು ಸಂಗಡಿಗರು 2005ರಲ್ಲಿ 14 ದೇಶಗಳ 210 ರಸ್ತೆ, ರೈಲು ಯೋಜನೆಗಳ ಅಂದಾಜನ್ನು ನಿಜದ ಜೊತೆ ಹೋಲಿಸಿದರು. ಪ್ರತಿ 10 ರೈಲು ಯೋಜನೆಗಳಲ್ಲಿ 9ರಲ್ಲಿ ಪ್ರಯಾಣಿಕರ ಅಂದಾಜು ಜಾಸ್ತಿಯಾಗಿತ್ತು. ಸರಾಸರಿ ಶೇ 106 ಜಾಸ್ತಿ, ಅಂದರೆ ಬಂದವರಿಗಿಂತ ದುಪ್ಪಟ್ಟು ಜನ ಕಾಗದದ ಮೇಲಿದ್ದರು. ಎಲ್ಲರ ತಪ್ಪೂ ಒಂದೇ ದಿಕ್ಕಿಗೆ ವಾಲಿದರೆ ಅದನ್ನು ಗಣಿತದ ಮೇಲೆ ಹೊರಿಸಲು ಆಗುವುದಿಲ್ಲ. ರೈಲು ಎಷ್ಟು ನಿಮಿಷಕ್ಕೊಂದು ಬರುತ್ತದೆ, ದರ ಎಷ್ಟು, ಊರು ಎಷ್ಟು ಬೆಳೆಯುತ್ತದೆ ಅಂತ ಮಾದರಿಗೆ ಹಾಕಿದ ಅಂಕಿಗಳನ್ನೂ ನೋಡಬೇಕು. ಯೋಜನೆ ಒಪ್ಪಿಗೆ ಆಗಲಿ ಅನ್ನುವ ಒತ್ತಡವೂ ಇದರಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಫ್ಲಿವ್‌ಬ್ಯಾರ್ಗ್ ಅವರ ವಾದ.

ಶಕ್ತಿ ಯೋಜನೆಯನ್ನು ಹೇಗೆ ಅಳೆಯುವುದು?

ನಮ್ಮಲ್ಲೇ ದೊಡ್ಡ ಬದಲಾವಣೆಯೊಂದು ಆಗಿದೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮೇಲಿನ ಲೆಕ್ಕದಲ್ಲಿ ಬಸ್ಸಿನ 25 ರೂಪಾಯಿ ಅರ್ಧ ಜನರಿಗೆ ಸೊನ್ನೆಯಾಯಿತು, ಉಳಿದರ್ಧಕ್ಕೆ ಹಾಗೇ ಉಳಿಯಿತು. ವಲಯಕ್ಕೊಂದು ಸರಾಸರಿ ದರ ಇಟ್ಟುಕೊಂಡ ಮಾದರಿಗೆ ಇದು ಕಾಣಿಸುವುದೇ ಇಲ್ಲ. ಹೆಣ್ಣು, ಗಂಡು ಅಂತ ಬಿಡಿಸಿದ ಮಾಹಿತಿ ಬೇಕೇ ಬೇಕು.

ಪ್ರಾಜೆಕ್ಟ್‌ಗೆ ಇದನ್ನು ಎತ್ತಿಕೊಳ್ಳುವವರು ಮೊದಲು ಮಾಡುವುದು ಹಿಂದಿನ ವರ್ಷದ ಜೊತೆ ಹೋಲಿಕೆ. ಆದರೆ 2022ರಲ್ಲಿ ಕೊರೊನಾ ನಂತರ ಬಸ್ಸಿಗೆ ಜನ ಇನ್ನೂ ವಾಪಸ್ ಬರುತ್ತಿದ್ದರು. ಏರಿಕೆಯಲ್ಲಿ ಶಕ್ತಿಯದೆಷ್ಟು, ಚೇತರಿಕೆಯದೆಷ್ಟು? ಹಾಗಾದರೆ ಗಂಡಸರ ಟಿಕೆಟ್‌ಗಳನ್ನು ಹೋಲಿಕೆಗೆ ಇಟ್ಟು, ಅವರಲ್ಲಿ ಆದ ಏರಿಕೆಯನ್ನು ಹೆಂಗಸರ ಏರಿಕೆಯಿಂದ ಕಳೆಯೋಣ ಅನ್ನಿಸುತ್ತದೆ. ವಿಧಾನ ಒಳ್ಳೆಯದೇ. ಆದರೆ ಅದು ನಿಲ್ಲಬೇಕಾದರೆ ಗಂಡಸರ ಮೇಲೆ ಯೋಜನೆಯ ಪರಿಣಾಮ ಆಗಿರಬಾರದು. ಬಸ್ಸು ತುಂಬಿ ತುಳುಕಿದ್ದಕ್ಕೆ ಕೆಲವು ಗಂಡಸರು ಬೈಕ್ ಹಿಡಿದಿದ್ದರೆ ಹೋಲಿಕೆಯ ಗುಂಪೇ ಕೆಡುತ್ತದೆ, ಶಕ್ತಿಯ ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಶಕ್ತಿ ಅನ್ವಯಿಸದ ಎಸಿ ಬಸ್ಸುಗಳನ್ನು ಹೋಲಿಕೆಗೆ ಇಟ್ಟರೂ ಇದೇ ಪೇಚು. ಅಲ್ಲಿದ್ದ ಹೆಂಗಸರು ಸಾಮಾನ್ಯ ಬಸ್ಸಿಗೆ ಬಂದಿರಬಹುದು. ಗಡಿಯಾಚೆಯ, ಇಂಥ ಯೋಜನೆ ಇಲ್ಲದ ಊರಿನ ಬಸ್ಸು ಸಿಕ್ಕರೆ ಅದು ಇವೆರಡಕ್ಕಿಂತ ವಾಸಿ.

ಇನ್ನೂ ಒಂದು ಪ್ರಶ್ನೆಗೆ, ಉಚಿತ ಪ್ರಯಾಣಕ್ಕೆ ಕೊಡುವ ಶೂನ್ಯ ಟಿಕೆಟ್‌ಗಳ ಎಣಿಕೆ ಎಂದಿಗೂ ಉತ್ತರ ಕೊಡುವುದಿಲ್ಲ. ಈ ಹೆಂಗಸು ಮೊದಲು ನಡೆದು ಹೋಗುತ್ತಿದ್ದರಾ, ಆಟೊದಲ್ಲಾ, ಅಥವಾ ಹೋಗುತ್ತಲೇ ಇರಲಿಲ್ಲವಾ? ಮೂರೂ ಟಿಕೆಟ್ ಯಂತ್ರಕ್ಕೆ ಒಂದೇ. ಆದರೆ ಯೋಜನೆಯ ನಿಜವಾದ ಬೆಲೆ ಇರುವುದು ಈ ವ್ಯತ್ಯಾಸದಲ್ಲಿ. ದುಡ್ಡಿಲ್ಲದೆ ಆಸ್ಪತ್ರೆಗೆ ಹೋಗದಿದ್ದವರು ಈಗ ಹೋಗುತ್ತಿದ್ದರೆ ಅದಕ್ಕಿಂತ ದೊಡ್ಡ ಲಾಭ ಏನಿದೆ? ಅದನ್ನು ತಿಳಿಯಲು ಕೇಳಲೇಬೇಕು. ಬಸ್ಸಿನೊಳಗೆ ಕೇಳುವುದು ಸುಲಭ, ಖರ್ಚೂ ಕಡಿಮೆ. ಆದರೆ ಅಲ್ಲಿ ಸಿಗುವವರೆಲ್ಲ ಬಸ್ಸು ಹತ್ತಿದವರೇ, ಅದರಲ್ಲೂ ದಿನಾ ಹತ್ತುವವರು ಸಿಗುವ ಸಾಧ್ಯತೆ ಜಾಸ್ತಿ. ಬಸ್ಸೇ ಬರದ ಹಳ್ಳಿಯಲ್ಲಿ ಟಿಕೆಟ್ ಉಚಿತವಾದರೂ ಮನೆಯಲ್ಲೇ ಉಳಿದ ಹೆಂಗಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗಾಗಿ ಅವರ ಮನೆ ಬಾಗಿಲಿಗೇ ಹೋಗಬೇಕು, ಬಸ್ಸಿನಲ್ಲಿ ಕೇಳಿದ ಉತ್ತರಗಳಿಗೆ ವಾರಕ್ಕೆ ಎಷ್ಟು ಸಲ ಹತ್ತುತ್ತಾರೆ ಅನ್ನುವುದರ ಮೇಲೆ ತೂಕ ಕೊಟ್ಟು, ಎರಡನ್ನೂ ಸೇರಿಸಿ ಓದಬೇಕು.