ಪದ ಪರಿಚಯ: ಕಾಯಿಲೆ ಭತ್ಯೆ

ಹುಷಾರಿಲ್ಲದೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಬದಲು ಸಿಗುವ ಹಣವೇ ಕಾಯಿಲೆ ಭತ್ಯೆ. ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ, ಭತ್ಯೆ ಮನೆಯ ಅಕ್ಕಿ, ಮಕ್ಕಳ ಫೀಸು, ಸಂಘದ ಕಂತು ನೋಡಿಕೊಳ್ಳುತ್ತದೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ, ಕಾರವಾರ, ಕುಮಟಾದ ಪೇಟೆ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಹೋಮ್ ನರ್ಸುಗಳ ವಿಷಯ ಬಂದಾಗ ಈ ಎರಡೂ ಕಲಸಿಹೋಗುತ್ತವೆ. ‘ಬಿಪಿಎಲ್ ಕಾರ್ಡ್ ಇದೆಯಲ್ಲ, ಇನ್ನೇನು ಚಿಂತೆ’ ಎಂದುಬಿಡುತ್ತಾರೆ.

ಚಿಂತೆ ಇರುವುದು ಸೊಂಟದಲ್ಲಿ. ಪಾರ್ಶ್ವವಾಯು ಆದವರಿಗೆ ಬೆನ್ನು ಹುಣ್ಣಾಗದಂತೆ ರಾತ್ರಿಯೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ತಗ್ಗು ಮಂಚದಿಂದ ಎಬ್ಬಿಸಿ, ಹಿಡಿಕೆಯೇ ಇಲ್ಲದ ಬಚ್ಚಲಿಗೆ ನಡೆಸಬೇಕು. ಮಂಚ ಸೊಂಟದೆತ್ತರಕ್ಕಿದ್ದರೆ ಎಷ್ಟೋ ನೋವು ತಪ್ಪುತ್ತದೆ, ಆದರೆ ಹಾಗೆ ಮಾಡಿಸಿಕೊಡುವ ಮನೆ ಕಡಿಮೆ. ಕೊನೆಗೊಂದು ದಿನ ಸೊಂಟ ಹಿಡಿಯುತ್ತದೆ. ಡಾಕ್ಟರು ‘ಮೂರು ವಾರ ಭಾರ ಎತ್ತಬೇಡಿ’ ಎಂದು ಚೀಟಿ ಬರೆದು ಮನೆಗೆ ಕಳಿಸುತ್ತಾರೆ. ಆಸ್ಪತ್ರೆಗೆ ಸೇರಿಸಿಕೊಳ್ಳುವುದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ ನಿಜ, ಆದರೆ ಅದು ಮುಖ್ಯವಾಗಿ ಒಳರೋಗಿಗಳಿಗೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ಸಹಕಾರಿ ಸಂಘದ ಸದಸ್ಯರಿಗಿರುವ ಯಶಸ್ವಿನಿ ಯೋಜನೆಯದ್ದೂ ಆಸ್ಪತ್ರೆಗೆ ದಾಖಲಾದವರ ಲೆಕ್ಕವೇ. ಸ್ವಂತ ಪಾಲಿಸಿ ಮಾಡಿಸೋಣವೆಂದರೆ, ಆರೋಗ್ಯ ಸಂಜೀವನಿಯಂಥ ಸಾಮಾನ್ಯ ಪಾಲಿಸಿಯಲ್ಲಿ ಬೆನ್ನುಮೂಳೆಯ ಡಿಸ್ಕ್ ಜಾರುವಿಕೆಗೆ 24 ತಿಂಗಳ ಕಾಯುವ ಅವಧಿ ಇದೆ. ಅಪಘಾತದಿಂದ ಆಗಿದ್ದರೆ ಮಾತ್ರ ವಿನಾಯಿತಿ. ಈ ಕೆಲಸದಲ್ಲಿ ಮೊದಲು ಕೈಕೊಡುವುದು ಬೆನ್ನೇ, ಪಾಲಿಸಿ ಎರಡು ವರ್ಷ ದೂರ ಇಡುವುದೂ ಅದನ್ನೇ. ಇವುಗಳಲ್ಲಿ ಯಾವುದೂ ಆ ಮೂರು ವಾರದ ಸಂಬಳ ಕೊಡುವುದಿಲ್ಲ.

ಕೊಡುವುದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಬಂದ ಈ ವ್ಯವಸ್ಥೆಯಲ್ಲಿ ಮಾಲೀಕ ಸಂಬಳದ ಶೇ. 3.25, ಕೆಲಸಗಾರ ಶೇ. 0.75 ಕಟ್ಟುತ್ತಾರೆ. ತಿಂಗಳಿಗೆ 15,000 ಸಂಬಳವಾದರೆ 487.50 ಮತ್ತು 112.50, ಒಟ್ಟು 600 ರೂಪಾಯಿ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ, ಮುಂದೆ ಬರುವ ಸೌಲಭ್ಯದ ಆರು ತಿಂಗಳಲ್ಲಿ ಕಾಯಿಲೆ ಬಿದ್ದಾಗ ದಿನದ ಸಂಬಳದ ಶೇ. 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಸಾಮಾನ್ಯವಾಗಿ ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಸೇರಿದ ಮರುದಿನವೇ ಸಿಗುವಂಥದ್ದಲ್ಲ, ಹೊಸಬರಿಗೆ ಸುಮಾರು ಒಂಬತ್ತು ತಿಂಗಳು ಕಾಯಬೇಕು.

ತೊಡಕು ಇಲ್ಲೇ. ಒಬ್ಬಿಬ್ಬರನ್ನು ಇಟ್ಟುಕೊಂಡ ಮನೆ ಇಎಸ್‌ಐ ಲೆಕ್ಕದಲ್ಲಿ ಸಂಸ್ಥೆಯಲ್ಲ, ಅದಕ್ಕೆ ಹತ್ತು ಅಥವಾ ಹೆಚ್ಚು ಮಂದಿ ಬೇಕು, ಸಂಬಳವೂ 21,000ದ ಒಳಗಿರಬೇಕು. ಏಜೆನ್ಸಿಯ ಪಟ್ಟಿಯಲ್ಲಿ ಮೂವತ್ತು ಜನರಿದ್ದರೂ ‘ನಾವು ಪರಿಚಯ ಮಾಡಿಕೊಡುವವರಷ್ಟೇ, ಸಂಬಳ ಕೊಡುವುದು ಮನೆಯವರು’ ಎಂದು ಕಮಿಷನ್ ಹಿಡಿದು ಕೈತೊಳೆದುಕೊಳ್ಳಬಹುದು. ಆದ್ದರಿಂದ ಮನೆಯವರು ದುಡ್ಡನ್ನು ಏಜೆನ್ಸಿ ಖಾತೆಗೆ ಹಾಕುತ್ತಿದ್ದರೆ, ಅಲ್ಲಿಂದ ನರ್ಸಿಗೆ ಸಂಬಳ ಹೋಗುತ್ತಿದ್ದರೆ, ಇಎಸ್‌ಐ ವಿಮಾ ಸಂಖ್ಯೆ ಎಲ್ಲಿ ಎಂದು ಕೇಳಲೇಬೇಕು. ಯಾರೂ ಕೇಳದಿದ್ದರೆ ಅದು ತಾನಾಗಿ ಬರುವುದಿಲ್ಲ.

ನೇರವಾಗಿ ಇಟ್ಟುಕೊಂಡಿದ್ದರೆ ಅದೇ ಲೆಕ್ಕವನ್ನು ಮನೆಯಲ್ಲೇ ಮಾಡಬಹುದು. ಆ 600 ರೂಪಾಯಿಯನ್ನು ಸಂಬಳದ ಮೇಲೆ ಕೊಟ್ಟು ಪೋಸ್ಟ್ ಆಫೀಸಿನ ಉಳಿತಾಯ ಖಾತೆಗೆ ಕಟ್ಟಿದರೆ ವರ್ಷಕ್ಕೆ 7,200 ಆಗುತ್ತದೆ. ದಿನದ ಸಂಬಳ 500ರ ಶೇ. 70, ಅಂದರೆ ದಿನಕ್ಕೆ 350ರಂತೆ ಇಪ್ಪತ್ತು ದಿನದ ಭತ್ಯೆ ಅದರಲ್ಲಿ ಹುಟ್ಟುತ್ತದೆ. ಮುಖ್ಯ ಸಂಗತಿ, ಖಾತೆ ನರ್ಸಿನ ಹೆಸರಲ್ಲೇ ಇರಬೇಕು. ಅಜ್ಜ ತೀರಿಕೊಂಡ ದಿನವೇ ಈ ಕೆಲಸವೂ ಮುಗಿಯುತ್ತದೆ, ಬೆಂಗಳೂರಿಂದ ಬಂದ ಮಕ್ಕಳಿಗೆ ಹಳೆಯ ಮಾತು ನೆನಪಿರುವುದಿಲ್ಲ. ಒಂದು ಹಾಳೆಯಲ್ಲಿ ರಜೆ, ಬದಲಿಗೆ ಬರುವವರ ಸಂಬಳ ಯಾರು ಕೊಡಬೇಕು, ಕೆಲಸ ನಿಂತಾಗ ಎಷ್ಟು ದಿನದ ಸಂಬಳ ಎಂಬ ಮೂರನ್ನು ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು.

ಜೊತೆಗೆ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ ಮಾಡಿಸಿಡಬಹುದು, ಅಪಘಾತದಲ್ಲಿ ಸತ್ತರೆ 2 ಲಕ್ಷ. ಅದು ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಆ 20 ರೂಪಾಯಿ ಇಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ, ಎಷ್ಟೋ ಜನರಿಗೆ ಅದು ಗೊತ್ತಾಗುವುದೇ ಇಲ್ಲ. ಹಾಗಾಗಿ ಏಪ್ರಿಲ್ ಸಂಬಳ ಹಾಕುವಾಗಲೇ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಬೇಕು.